ಬರೆದದ್ದು ಹೊಸದು, ಓಡುತ್ತಿರುವುದು ಹಳೆಯದು: ಸರ್ವರ್ ಫೈಲು ಕಾಯಲು ಕಲಿತ ಕತೆ

1976ರ ಮಾತು. ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಸ್ಟೀವ್ ಜಾನ್ಸನ್ ಎಂಬ ಪ್ರೋಗ್ರಾಮರ್ ಒಂದು ದಿನ ಬೈದುಕೊಳ್ಳುತ್ತಲೇ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ನುಗ್ಗಿದರು. ಬೆಳಗ್ಗೆಯಿಂದ ಒಂದು ಪ್ರೋಗ್ರಾಮಿನ ತಪ್ಪು ಹುಡುಕುತ್ತಾ ಕೂತಿದ್ದರು, ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ಆ ತಪ್ಪನ್ನು ಅವರು ಆಗಲೇ ತಿದ್ದಿಯಾಗಿತ್ತು. ಆದರೆ ತಿದ್ದಿದ ಫೈಲನ್ನು ಯಂತ್ರದ ಭಾಷೆಗೆ ಮತ್ತೊಮ್ಮೆ ಪರಿವರ್ತಿಸುವುದು ಬಿಟ್ಟುಹೋಗಿತ್ತು. ಕಂಪ್ಯೂಟರ್ ಹಳೆಯ ಪ್ರೋಗ್ರಾಮನ್ನೇ ಓಡಿಸುತ್ತಿತ್ತು. ಸರಿಯಾಗಿಯೇ ಇದ್ದ ಕೆಲಸದ ಮುಂದೆ ಕೂತು ಅರ್ಧ ದಿನ ಹಾಳಾಗಿತ್ತು.

ಇಂಥದ್ದು ನಮಗೆ ಹೊಸದೇನಲ್ಲ. ಪಹಣಿಯಲ್ಲಿ ಹೆಸರು ತಿದ್ದುಪಡಿ ಆಗಿರುತ್ತದೆ, ಕೈಯಲ್ಲಿರುವ ಜೆರಾಕ್ಸ್ ಮಾತ್ರ ಹಳೆಯದು. ಬ್ಯಾಂಕಿನವರು ಅದನ್ನು ನೋಡಿ ‘ಹೆಸರು ತಪ್ಪಿದೆಯಲ್ಲ’ ಎನ್ನುತ್ತಾರೆ. ನಾವು ಗಾಬರಿಯಾಗಿ ಮತ್ತೆ ತಾಲ್ಲೂಕು ಕಚೇರಿಗೆ ಅಲೆಯುತ್ತೇವೆ. ಅಲ್ಲಿ ತಿದ್ದುವುದು ಏನೂ ಉಳಿದಿರುವುದಿಲ್ಲ. ಹೊಸ ಪ್ರತಿ ತೆಗೆಸಬೇಕಿತ್ತು, ಅಷ್ಟೆ.

ಕಂಪ್ಯೂಟರಿನಲ್ಲೂ ಹೀಗೇ. ಪ್ರೋಗ್ರಾಂ ಓಡುವಾಗ ಅದು ಡಿಸ್ಕಿನಲ್ಲಿರುವ ಫೈಲನ್ನು ಕ್ಷಣಕ್ಷಣಕ್ಕೂ ಓದುತ್ತಿರುವುದಿಲ್ಲ. ಶುರುವಾಗುವಾಗ ಒಮ್ಮೆ ಓದಿ, ಒಂದು ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ನೀವು ಮೂಲ ಫೈಲನ್ನು ಎಷ್ಟು ತಿದ್ದಿದರೂ ಅದರ ಕೈಯಲ್ಲಿರುವುದು ಹಳೆಯ ಜೆರಾಕ್ಸೇ.

ಈಗ ನಮ್ಮ ಊರುಗಳ ಬಿಸಿಎ, ಡಿಪ್ಲೊಮಾ ಮಕ್ಕಳು ವೆಬ್‌ಸೈಟ್ ಮಾಡಲು ಕಲಿಯುತ್ತಿದ್ದಾರೆ. ಫೈಲ್ ಸೇವ್ ಮಾಡಿದ ಕೂಡಲೇ ಕಪ್ಪು ಪರದೆಯಲ್ಲಿ ‘ರೀಸ್ಟಾರ್ಟಿಂಗ್’ ಎಂಬ ಸಾಲು ಬರುತ್ತದೆ, ಸರ್ವರ್ ತಾನೇ ಹೊಸ ಪ್ರತಿ ಓದಿಕೊಂಡು ಎದ್ದು ನಿಲ್ಲುತ್ತದೆ. ಅವರಿಗೆ ಇದು ಮಾಮೂಲು. ಆದರೆ ಈ ಒಂದು ಸಾಲಿನ ಹಿಂದೆ ಸುಮಾರು 50 ವರ್ಷದ ಕತೆ ಇದೆ.

ಯಾವುದು ಹೊಸದು?

ಜಾನ್ಸನ್ ಅವರ ಸಿಟ್ಟು ಕೇಳಿದ ಫೆಲ್ಡ್‌ಮನ್ ಅವರಿಗೂ ಹಿಂದಿನ ಸಂಜೆ ಅದೇ ಗೋಳಾಗಿತ್ತು. ಆ ವಾರದ ಕೊನೆಯಲ್ಲೇ ಅವರು ಒಂದು ಸಣ್ಣ ಸಾಧನ ಬರೆದರು. ಅದರ ಹೆಸರು ‘ಮೇಕ್’.

ಮೇಕ್ ಕೇಳುವುದು ಒಂದೇ ಪ್ರಶ್ನೆ: ಮೂಲ ಫೈಲ್ ಮತ್ತು ಅದರಿಂದ ಮಾಡಿದ ಪ್ರತಿ, ಇವೆರಡರಲ್ಲಿ ಯಾವುದು ಹೊಸದು? ಯೂನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿ ಫೈಲಿನ ಜೊತೆಗೂ ಅದನ್ನು ಕೊನೆಯ ಸಲ ಬದಲಿಸಿದ ಸಮಯ ದಾಖಲಾಗಿರುತ್ತದೆ. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಎಂಬ ಲೆಕ್ಕದಲ್ಲಿ ಆ ಸಮಯವನ್ನು ಇಡುತ್ತಾರೆ. ಮೂಲದ ಸಮಯ ಪ್ರತಿಯ ಸಮಯಕ್ಕಿಂತ ಈಚಿನದಾದರೆ ಪ್ರತಿ ಹಳತಾಗಿದೆ ಎಂದರ್ಥ. ಮೇಕ್ ಆಗ ಅದನ್ನು ಮತ್ತೆ ತಯಾರಿಸುತ್ತದೆ. ಉಳಿದವನ್ನು ಮುಟ್ಟುವುದಿಲ್ಲ.

ಫೈಲಿನ ಒಳಗೆ ಏನು ಬರೆದಿದೆ ಎಂದು ಅದು ಓದುವುದೂ ಇಲ್ಲ. ಹೊರಗಿನ ತಾರೀಕು ಮುದ್ರೆ ನೋಡಿ ತೀರ್ಮಾನ ಮಾಡುತ್ತದೆ. ಇಷ್ಟು ಸರಳ ಉಪಾಯಕ್ಕೆ 2003ರಲ್ಲಿ ಎಸಿಎಂ ಎಂಬ ಅಂತಾರಾಷ್ಟ್ರೀಯ ಕಂಪ್ಯೂಟರ್ ಸಂಘ ತನ್ನ ಸಾಫ್ಟ್‌ವೇರ್ ಪ್ರಶಸ್ತಿ ಕೊಟ್ಟಿತು. ಮುಂದೆ ಸರ್ವರ್‌ಗಳು ಮಾಡಿದ್ದೆಲ್ಲ ಈ ಒಂದು ಪ್ರಶ್ನೆಯ ಮುಂದುವರಿಕೆಯೇ.

ಪ್ರತಿ ಗಿರಾಕಿಗೂ ಹೊಸದಾಗಿ ಒಲೆ

ವೆಬ್ ಬಂದ ಹೊಸದರಲ್ಲಿ ಈ ತಾಪತ್ರಯವೇ ಇರಲಿಲ್ಲ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದ ಸರ್ವರಿನಲ್ಲಿ ‘ಸಿಜಿಐ’ ಎಂಬ ಪದ್ಧತಿ ಬಂತು. ಬ್ರೌಸರಿನಿಂದ ಒಂದು ಕೋರಿಕೆ ಬಂದರೆ ಸರ್ವರ್ ಒಂದು ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಅದು ಫೈಲ್ ಓದಿ, ಪುಟ ತಯಾರಿಸಿ, ಕಳಿಸಿ, ಅಲ್ಲಿಗೇ ಮುಗಿದುಹೋಗುತ್ತದೆ. ಮುಂದಿನ ಕೋರಿಕೆಗೆ ಮತ್ತೆ ಮೊದಲಿನಿಂದ. ಹಳೆಯ ಜೆರಾಕ್ಸ್ ಉಳಿಯುವುದೇ ಇಲ್ಲ. ಸೇವ್ ಮಾಡಿ ರಿಫ್ರೆಶ್ ಒತ್ತಿದರೆ ಹೊಸದೇ ಕಾಣುತ್ತಿತ್ತು.

1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಬಿಡುಗಡೆ ಮಾಡಿದ ಪಿಎಚ್‌ಪಿ ಕೂಡ ಇದೇ ಗುಣದಿಂದ ಜನರಿಗೆ ಹತ್ತಿರವಾಯಿತು. ಕಲಿಯುವವರಿಗೆ ಇದಕ್ಕಿಂತ ಸುಲಭ ಬೇರೆ ಇರಲಿಲ್ಲ.

ಆದರೆ ಖರ್ಚು ಜಾಸ್ತಿ. ಚಹಾದ ಅಂಗಡಿಯವನು ಪ್ರತಿ ಗಿರಾಕಿಗೂ ಹೊಸದಾಗಿ ಒಲೆ ಹಚ್ಚಿ, ಕುಡಿದು ಹೋದ ಮೇಲೆ ಆರಿಸಿದ ಹಾಗೆ. ಇಬ್ಬರು ಮೂವರು ಬಂದರೆ ನಡೆಯುತ್ತದೆ. ಸಂತೆಯ ದಿನ ನಡೆಯುವುದಿಲ್ಲ.

1996ರ ಹೊತ್ತಿಗೆ ಒಲೆಯನ್ನು ಆರಿಸದೇ ಇಡುವ ದಾರಿಗಳು ಬಂದವು: ಫಾಸ್ಟ್‌ಸಿಜಿಐ ಮತ್ತು ಮಾಡ್‌ಪರ್ಲ್. ಪ್ರೋಗ್ರಾಂ ಒಮ್ಮೆ ಮೆಮೊರಿಗೆ ಬಂದು ಅಲ್ಲೇ ಕೂರುತ್ತದೆ, ಒಂದಾದ ಮೇಲೊಂದು ಕೋರಿಕೆಗೆ ಉತ್ತರ ಕೊಡುತ್ತದೆ. ವೇಗ ಬಂತು. ವೇಗದ ಜೊತೆಗೇ ಜಾನ್ಸನ್ ಅವರ ಆ ಬೆಳಗ್ಗೆಯೂ ವಾಪಸ್ ಬಂತು. ಫೈಲ್ ತಿದ್ದಿದರೂ ಪುಟ ಹಳೆಯದೇ.

ಫೋನ್ ಇಟ್ಟ ಸದ್ದು

ಮೊದಲು ಕಂಡ ಪರಿಹಾರ ಮನುಷ್ಯನೇ ಹೋಗಿ ಹೇಳುವುದು. ಇದಕ್ಕೆ ಯೂನಿಕ್ಸ್‌ನಲ್ಲಿ ‘ಹಪ್’ ಎಂಬ ಒಂದು ಸಂಕೇತವಿದೆ. ಹೆಸರು ಬಂದದ್ದು ಫೋನ್ ಇಡುವುದರಿಂದ. ಆಗ ದೂರದ ಕಂಪ್ಯೂಟರನ್ನು ಟೆಲಿಫೋನ್ ಲೈನಿನ ಮೂಲಕ ಬಳಸುತ್ತಿದ್ದರು. ಲೈನ್ ಕಟ್ಟಾದರೆ ಆ ಬಳಕೆದಾರನ ಪ್ರೋಗ್ರಾಮುಗಳಿಗೆ ‘ಆ ಕಡೆಯವರು ಫೋನ್ ಇಟ್ಟರು, ಮುಗಿಸಿ’ ಎಂದು ಈ ಸಂಕೇತ ಹೋಗುತ್ತಿತ್ತು.

ಸರ್ವರ್‌ನಂತೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮುಗಳಿಗೆ ಫೋನ್ ಲೈನೇ ಇರುವುದಿಲ್ಲ. ಹಾಗಾಗಿ ಅವುಗಳಿಗೆ ಈ ಸಂಕೇತ ಬೇರೆ ಕೆಲಸಕ್ಕೆ ಬಂತು: ‘ನಿನ್ನ ಸೆಟ್ಟಿಂಗ್ ಫೈಲ್ ಬದಲಾಗಿದೆ, ಮತ್ತೆ ಓದಿಕೋ.’ ಅಪಾಚೆಯಂಥ ಸರ್ವರುಗಳಲ್ಲಿ ಈಗಲೂ ಇದು ನಡೆಯುತ್ತದೆ.

ಆದರೆ ದಿನಕ್ಕೆ ನೂರು ಸಲ ತಿದ್ದುವ ಪ್ರೋಗ್ರಾಮರ್ ನೂರು ಸಲವೂ ನೆನಪಿಟ್ಟು ಹೇಳಬೇಕು. ಒಂದು ಸಲ ಮರೆತರೆ ಮತ್ತೆ ಅದೇ ಗೋಳು. ಹಾಗಾಗಿ ಸರ್ವರ್ ತಾನೇ ನೋಡಿಕೊಳ್ಳಲಿ ಎಂಬ ಯೋಚನೆ ಬಂತು.

ಕೂತಲ್ಲೇ ಬದಲಿಸುವುದು

ಮಾಡ್‌ಪರ್ಲ್‌ಗೆ ‘ಸ್ಟಾಟ್‌ಇಂಕ್’ ಎಂಬ ತುಣುಕು ಸೇರಿತು. ಪ್ರತಿ ಕೋರಿಕೆ ಬಂದಾಗಲೂ ಅದು ತಾನು ಓದಿಕೊಂಡಿರುವ ಫೈಲುಗಳ ಸಮಯ ನೋಡುತ್ತದೆ. ಯಾವುದು ಬದಲಾಗಿದೆಯೋ ಅದನ್ನಷ್ಟೇ ಮತ್ತೆ ಓದಿಕೊಳ್ಳುತ್ತದೆ. ಇಲ್ಲಿ ಸರ್ವರ್ ನಿಲ್ಲುವುದೇ ಇಲ್ಲ.

ಕೇಳಲು ಚೆನ್ನಾಗಿದೆ, ತೊಡಕು ಒಳಗಿದೆ. ಒಂದು ಫೈಲನ್ನು ಮಾತ್ರ ಹೊಸದಾಗಿ ಓದಿದರೆ, ಹಳೆಯ ಫೈಲು ಅಲ್ಲಲ್ಲಿ ಬಿಟ್ಟುಹೋದ ಲೆಕ್ಕ, ಹೆಸರು, ಮೌಲ್ಯಗಳು ಮೆಮೊರಿಯಲ್ಲಿ ಹಾಗೆಯೇ ಇರುತ್ತವೆ. ಓಡುತ್ತಿರುವುದು ಪೂರ್ತಿ ಹಳೆಯದೂ ಅಲ್ಲ, ಪೂರ್ತಿ ಹೊಸದೂ ಅಲ್ಲ. ಅಂಥ ಕಲಬೆರಕೆಯ ಪ್ರೋಗ್ರಾಮನ್ನು ಯಾರೂ ಬರೆದೇ ಇರುವುದಿಲ್ಲ.

ಜಾವಾ ಲೋಕದಲ್ಲೂ ಹೀಗೇ ಆಯಿತು. ಸನ್ ಕಂಪನಿ 1999ರಲ್ಲಿ ಅಪಾಚೆ ಸಂಸ್ಥೆಗೆ ಒಪ್ಪಿಸಿದ ಟಾಮ್‌ಕ್ಯಾಟ್ ಸರ್ವರಿಗೆ ಮುಂದೆ ‘ರೀಲೋಡಬಲ್’ ಎಂಬ ಸೆಟ್ಟಿಂಗ್ ಬಂತು. ಅದನ್ನು ಆನ್ ಮಾಡಿದರೆ ಸರ್ವರ್ ತಾನೇ ಕೋಡಿನ ಫೋಲ್ಡರುಗಳನ್ನು ಗಮನಿಸುತ್ತದೆ, ಬದಲಾದರೆ ಆ ಅಪ್ಲಿಕೇಶನ್ನನ್ನು ಬಿಟ್ಟು ಹೊಸದಾಗಿ ಹೂಡುತ್ತದೆ. ಆದರೆ ಹಳೆಯ ಪ್ರತಿಯನ್ನು ಎಲ್ಲೋ ಒಂದು ಎಳೆ ಹಿಡಿದುಕೊಂಡಿದ್ದರೆ ಅದು ಮೆಮೊರಿಯಿಂದ ಇಳಿಯುವುದೇ ಇಲ್ಲ. ಹತ್ತಾರು ಸಲ ರೀಲೋಡ್ ಆದಾಗ ಹಳೆಯ ಪ್ರತಿಗಳು ಒಂದರ ಮೇಲೊಂದು ಕೂತು, ‘ಪರ್ಮ್‌ಜೆನ್ ಸ್ಪೇಸ್’ ಎಂಬ ದೂರು ಬಂದು ಸರ್ವರ್ ಕುಸಿಯುತ್ತಿತ್ತು. ಆ ಕಾಲದ ಜಾವಾ ಪ್ರೋಗ್ರಾಮರುಗಳಿಗೆ ಈ ಎರಡು ಪದ ಚೆನ್ನಾಗಿ ನೆನಪಿರುತ್ತವೆ.

ನಿಲ್ಲಿಸದೆ ಬದಲಿಸಿದವರು

ಓಡುತ್ತಿರುವಾಗಲೇ ಬದಲಿಸುವುದನ್ನು ಸರಿಯಾಗಿ ಮಾಡಿ ತೋರಿಸಿದವರೂ ಇದ್ದಾರೆ. ಸ್ವೀಡನ್ನಿನ ಎರಿಕ್‌ಸನ್ ಕಂಪನಿ ಟೆಲಿಫೋನ್ ಎಕ್ಸ್‌ಚೇಂಜ್ ತಯಾರಿಸುತ್ತಿತ್ತು. ಸಾಫ್ಟ್‌ವೇರ್ ತಿದ್ದಬೇಕು ಎಂದು ಊರಿನ ಫೋನುಗಳನ್ನೆಲ್ಲ ಕಡಿಯಲು ಆಗುವುದಿಲ್ಲ. 1986ರಿಂದ ಅಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ‘ಎರ್ಲ್ಯಾಂಗ್’ ಎಂಬ ಭಾಷೆ ಕಟ್ಟಿದರು. ಅದರಲ್ಲಿ ಒಂದೇ ಕೋಡಿನ ಹಳೆಯ ಮತ್ತು ಹೊಸ ಎರಡು ಆವೃತ್ತಿಗಳು ಒಟ್ಟಿಗೆ ಇರಬಹುದು. ನಡೆಯುತ್ತಿರುವ ಕೆಲಸ ಹಳೆಯದರಲ್ಲಿ ಮುಂದುವರಿಯುತ್ತದೆ, ಹೊಸ ಕರೆ ಹೊಸದಕ್ಕೆ ಹೋಗುತ್ತದೆ. ನಾವು ದಿನವೂ ಬಳಸುವ ವಾಟ್ಸ್‌ಆ್ಯಪ್‌ನ ಸರ್ವರುಗಳನ್ನು ಕಟ್ಟಿದ್ದು ಇದೇ ಎರ್ಲ್ಯಾಂಗ್‌ನಲ್ಲಿ.

ಆದರೆ ಅದಕ್ಕೆ ಭಾಷೆಯನ್ನೇ ಮೊದಲಿನಿಂದ ಹಾಗೆ ಕಟ್ಟಬೇಕು. ಉಳಿದವರಿಗೆ ಆ ಅನುಕೂಲ ಇರಲಿಲ್ಲ.

ಪತ್ರಿಕಾ ಕಚೇರಿಯಿಂದ ಬಂದ ಜಾಂಗೊ

ಪೈಥಾನ್ ಭಾಷೆಯವರು ಹಿಡಿದದ್ದು ಇನ್ನೊಂದು ದಾರಿ. ಬದಲಿಸುವ ಗೋಜೇ ಬೇಡ, ಪೂರ್ತಿ ನಿಲ್ಲಿಸಿ ಹೊಸದಾಗಿ ಶುರು ಮಾಡಿ.

ಇಲ್ಲಿ ನಮ್ಮಂಥ ಸುದ್ದಿಮನೆಯವರಿಗೆ ಹತ್ತಿರದ ಒಂದು ಹೆಸರು ಬರುತ್ತದೆ. ‘ಜಾಂಗೊ’ ಎಂಬ ಹೆಸರಾಂತ ವೆಬ್ ಚೌಕಟ್ಟು ಹುಟ್ಟಿದ್ದು ಒಂದು ಸ್ಥಳೀಯ ಪತ್ರಿಕೆಯಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ‘ಲಾರೆನ್ಸ್ ಜರ್ನಲ್ ವರ್ಲ್ಡ್’ ಪತ್ರಿಕೆಯ ವೆಬ್ ವಿಭಾಗದಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಅದನ್ನು ಶುರು ಮಾಡಿದರು. ಹೊಲೊವಾಟಿ ಓದಿದ್ದು ಪತ್ರಿಕೋದ್ಯಮ. ಸುದ್ದಿಮನೆಯಲ್ಲಿ ಮಧ್ಯಾಹ್ನ ಕೇಳಿದ ಪುಟ ಸಂಜೆಯೊಳಗೆ ಆಗಬೇಕು. 2005ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು.

ಜಾಂಗೊದ ಜೊತೆಗೆ ಕಲಿಕೆಗೂ ಕೆಲಸಕ್ಕೂ ಆಗುವ ಒಂದು ಸಣ್ಣ ಸರ್ವರ್ ಬರುತ್ತದೆ. ಅದು ತಾನೇ ರೀಸ್ಟಾರ್ಟ್ ಆಗುತ್ತದೆ. ಆ ಭಾಗದ ಕೋಡನ್ನು ಅವರು ‘ಚೆರ್ರಿಪೈ’ ಎಂಬ ಇನ್ನೊಂದು ಮುಕ್ತ ಯೋಜನೆಯಿಂದ ಕಡ ತಂದರು. ಕಡ ತಂದದ್ದನ್ನು ಆ ಫೈಲಿನ ತಲೆಯಲ್ಲೇ ಬರೆದಿಟ್ಟಿದ್ದರು.

ಅದು ಕೆಲಸ ಮಾಡುವ ರೀತಿ ಹೀಗೆ. ಸರ್ವರ್ ಶುರು ಮಾಡಿದಾಗ ಒಂದರ ಬದಲು ಎರಡು ಪ್ರೋಗ್ರಾಮುಗಳು ಏಳುತ್ತವೆ: ತಾಯಿ ಮತ್ತು ಮಗು. ಪುಟ ಕಳಿಸುವ ಕೆಲಸವೆಲ್ಲ ಮಗುವಿನದು. ಅದು ಒಂದು ಸೆಕೆಂಡಿಗೊಮ್ಮೆ ತಾನು ಓದಿಕೊಂಡ ಎಲ್ಲ ಫೈಲುಗಳ ಸಮಯ ನೋಡುತ್ತದೆ. ಯಾವುದಾದರೂ ಬದಲಾಗಿದ್ದರೆ 3 ಎಂಬ ಸಂಖ್ಯೆ ಹೇಳಿ ಕೊನೆಯಾಗುತ್ತದೆ. ತಾಯಿಯ ಕೆಲಸ ಕಾಯುವುದಷ್ಟೇ. 3 ಕೇಳಿಸಿದರೆ ಹೊಸ ಮಗುವನ್ನು ಎಬ್ಬಿಸುತ್ತದೆ, ಬೇರೆ ಸಂಖ್ಯೆ ಬಂದರೆ ತಾನೂ ಮುಗಿಸುತ್ತದೆ.

ಹೊಸ ಮಗುವಿನ ಮೆಮೊರಿಯಲ್ಲಿ ಹಳೆಯ ಕಸ ಒಂದಿಷ್ಟೂ ಇರುವುದಿಲ್ಲ. ಎಲ್ಲ ಫೈಲನ್ನೂ ಹೊಸದಾಗಿ ಓದುತ್ತದೆ. ಒಂದೆರಡು ಸೆಕೆಂಡ್ ತಡವಾಗಬಹುದು, ಆದರೆ ಓಡುತ್ತಿರುವುದು ಬರೆದದ್ದೇ ಎಂಬ ಭರವಸೆ ಸಿಗುತ್ತದೆ.

ಇದೇ ಹೊತ್ತಿನಲ್ಲಿ ಬೇರೆಯವರು ಬೇರೆ ಉಪಾಯ ಹೂಡಿದರು. 2004ರಲ್ಲಿ ಬಂದ ರೂಬಿ ಭಾಷೆಯ ‘ರೈಲ್ಸ್’, ತಾನು ಓಡುತ್ತಲೇ ಇದ್ದು ಬರೆಯುವವರ ಕೋಡನ್ನು ಮಾತ್ರ ಪ್ರತಿ ಕೋರಿಕೆಗೂ ಎಸೆದು ಮತ್ತೆ ಓದುತ್ತಿತ್ತು. ಫೈಲ್ ಬದಲಾಗಿದ್ದರೆ ಮಾತ್ರ ಓದಿದರೆ ಸಾಕು ಎಂಬ ಸುಧಾರಣೆ ಬಂದದ್ದು 2012ರಲ್ಲಿ. 2008ರ ‘ಪ್ಯಾಸೆಂಜರ್’ ಎಂಬ ಸರ್ವರ್ ನೂರಾರು ಫೈಲು ನೋಡುವ ಬದಲು ಒಂದನ್ನು ಗಂಟೆಯಂತೆ ಬಳಸಿತು. ‘ರೀಸ್ಟಾರ್ಟ್’ ಎಂಬ ಹೆಸರಿನ ಖಾಲಿ ಫೈಲನ್ನು ನೀವು ಒಮ್ಮೆ ಮುಟ್ಟಿದರೆ ಸಾಕು, ಅದರ ಸಮಯ ಬದಲಾಗುತ್ತದೆ, ಅಪ್ಲಿಕೇಶನ್ ಹೊಸದಾಗಿ ಏಳುತ್ತದೆ.

ನಲ್ಲಿ ನೋಡುವುದೋ, ನೀರುಗಂಟಿ ಕೂಗುವುದೋ

ಇಲ್ಲಿವರೆಗಿನ ಉಪಾಯಗಳೆಲ್ಲ ಹೋಗಿ ನೋಡಿ ಬರುವಂಥವು. ಊರಲ್ಲಿ ನೀರು ಯಾವಾಗ ಬಿಡುತ್ತಾರೋ ಗೊತ್ತಿಲ್ಲದೆ ಐದು ನಿಮಿಷಕ್ಕೊಮ್ಮೆ ಕೊಡ ಹಿಡಿದು ನಲ್ಲಿಯ ಹತ್ತಿರ ಹೋಗಿ ಬಂದ ಹಾಗೆ. ನೂರು ಸಲ ಹೋದರೆ ತೊಂಬತ್ತೊಂಬತ್ತು ಸಲ ಬರಿಗೈ. ಸಾವಿರಾರು ಫೈಲುಗಳ ಮುಂದೆ ಹೀಗೆ ಓಡಾಡಿದರೆ ಕಂಪ್ಯೂಟರ್ ಬಿಸಿಯಾಗುತ್ತದೆ, ಲ್ಯಾಪ್‌ಟಾಪಿನ ಬ್ಯಾಟರಿ ಇಳಿಯುತ್ತದೆ.

ಇನ್ನೊಂದು ದಾರಿ ಎಂದರೆ ನೀರುಗಂಟಿಯೇ ‘ನೀರು ಬಿಟ್ಟೆ’ ಎಂದು ಕೂಗುವುದು. ಕಂಪ್ಯೂಟರಿನಲ್ಲಿ ಎಲ್ಲ ಫೈಲುಗಳ ಬರೆಹವೂ ಹಾದುಹೋಗುವುದು ಕರ್ನಲ್ ಎಂಬ ಒಳತಿರುಳಿನ ಮೂಲಕ. ಯಾವ ಫೈಲ್ ಯಾವಾಗ ಬದಲಾಯಿತು ಎಂಬುದು ಅದಕ್ಕೆ ಮೊದಲೇ ಗೊತ್ತು. ಅದೇ ಹೇಳಿದರೆ ಓಡಾಟ ತಪ್ಪುತ್ತದೆ.

ಲಿನಕ್ಸ್‌ನಲ್ಲಿ ಮೊದಲು ಬಂದದ್ದು ‘ಡಿನೋಟಿಫೈ’. ಅದರ ಕುಂದು ಏನೆಂದರೆ, ಗಮನಿಸುವ ಫೋಲ್ಡರನ್ನು ಸದಾ ತೆರೆದಿಟ್ಟುಕೊಳ್ಳಬೇಕಿತ್ತು. ಪೆನ್‌ಡ್ರೈವಿನ ಫೋಲ್ಡರ್ ಗಮನಿಸುತ್ತಿದ್ದರೆ ಆ ಪೆನ್‌ಡ್ರೈವನ್ನು ಸರಿಯಾಗಿ ತೆಗೆಯಲೂ ಆಗುತ್ತಿರಲಿಲ್ಲ. ಜಾನ್ ಮೆಕಚನ್ ಮತ್ತು ರಾಬರ್ಟ್ ಲವ್ ಬರೆದ ‘ಐನೋಟಿಫೈ’ 2005ರ ಆಗಸ್ಟ್‌ನಲ್ಲಿ ಲಿನಕ್ಸ್ 2.6.13ರ ಜೊತೆ ಬಂತು. ಆ್ಯಪಲ್ 2007ರಲ್ಲಿ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆ ‘ಎಫ್‌ಎಸ್‌ಇವೆಂಟ್ಸ್’ ಕೊಟ್ಟಿತು. ವಿಂಡೋಸ್‌ನಲ್ಲಿ ಇಂಥ ಸೌಲಭ್ಯ ಅದಕ್ಕೂ ಮೊದಲೇ ಇತ್ತು.

ಆದರೆ ನೀರುಗಂಟಿಗೂ ಮಿತಿಗಳಿವೆ. ಲಿನಕ್ಸ್‌ನಲ್ಲಿ ಒಬ್ಬ ಬಳಕೆದಾರ ಇಷ್ಟೇ ಕಡೆ ಗಮನ ಇಡಬಹುದು ಎಂಬ ಮಿತಿ ಇದೆ. ಬಹುಕಾಲ ಅದು 8192 ಇತ್ತು. ಈಗಿನ ಒಂದು ಸಾಮಾನ್ಯ ಜಾವಾಸ್ಕ್ರಿಪ್ಟ್ ಯೋಜನೆಯ ಫೈಲುಗಳು ಅದನ್ನು ಸುಲಭವಾಗಿ ದಾಟುತ್ತವೆ. ಆಗ ಬರುವ ಸಂದೇಶ ‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂಬರ್ಥದ್ದು. ಪಾಪ, ಕಲಿಯುವ ಹುಡುಗರು ಫೋಟೊ, ವಿಡಿಯೊ ಅಳಿಸುತ್ತಾ ಕೂರುತ್ತಾರೆ. ತುಂಬಿದ್ದು ಡಿಸ್ಕ್ ಅಲ್ಲ, ಗಮನದ ಲೆಕ್ಕ.

ಇನ್ನೊಂದು ತೊಡಕು: ಫೈಲ್ ಬೇರೊಂದು ಯಂತ್ರದಲ್ಲಿದ್ದು ನೆಟ್‌ವರ್ಕ್ ಮೂಲಕ ಹಂಚಿಕೊಂಡಿದ್ದರೆ, ಅಲ್ಲಾದ ಬದಲಾವಣೆಯ ಕೂಗು ಇಲ್ಲಿಗೆ ಕೇಳಿಸುವುದಿಲ್ಲ. ಕೆಲವು ಎಡಿಟರುಗಳು ಸೇವ್ ಮಾಡುವಾಗ ಹಳೆಯ ಫೈಲನ್ನು ತಿದ್ದದೆ, ಹೊಸ ಫೈಲ್ ಬರೆದು ಅದಕ್ಕೆ ಹಳೆಯ ಹೆಸರು ಇಡುತ್ತವೆ. ಹಳೆಯ ಫೈಲನ್ನೇ ನೋಡುತ್ತಾ ನಿಂತವನಿಗೆ ಹೊಸಬ ಬಂದದ್ದೇ ತಿಳಿಯುವುದಿಲ್ಲ.

ಹೀಗಾಗಿ ಓಡಾಡುವ ಹಳೆಯ ಪದ್ಧತಿ ಸಾಯಲಿಲ್ಲ. ಜಾಂಗೊ 2014ರಲ್ಲಿ ಲಿನಕ್ಸ್‌ನ ಕೂಗು ಕೇಳುವ ಸೌಲಭ್ಯ ಸೇರಿಸಿತು, 2019ರಲ್ಲಿ ಅದನ್ನು ಬಿಟ್ಟು ಫೇಸ್‌ಬುಕ್‌ನವರ ‘ವಾಚ್‌ಮ್ಯಾನ್’ ಸಾಧನಕ್ಕೆ ಜೋಡಿಸಿತು. ಅದು ಇಲ್ಲದಿದ್ದರೆ ಈಗಲೂ ಸೆಕೆಂಡಿಗೊಮ್ಮೆ ನಲ್ಲಿ ನೋಡಿ ಬರುವ ಪದ್ಧತಿಯೇ. ಜಾವಾಸ್ಕ್ರಿಪ್ಟ್ ಕಡೆ ‘ನೋಡ್’ ಬಳಸುವವರು 2010ರಿಂದ ರೆಮಿ ಶಾರ್ಪ್ ಬರೆದ ‘ನೋಡ್‌ಮನ್’ ಎಂಬ ಹೊರಗಿನ ಸಾಧನ ನೆಚ್ಚಿಕೊಂಡಿದ್ದರು. ನೋಡ್ ತನ್ನದೇ ‘ವಾಚ್’ ಸೌಲಭ್ಯ ತಂದದ್ದು 2022ರಲ್ಲಿ.

ಒಲೆ ಹಚ್ಚಿ ಆರಿಸುತ್ತಿದ್ದ ಪಿಎಚ್‌ಪಿ ಕೂಡ ಬದಲಾಯಿತು. 2013ರಿಂದ ಅದರ ಜೊತೆಗೇ ಬರುವ ‘ಓಪಿಕ್ಯಾಶ್’ ಸಿದ್ಧಪಡಿಸಿದ ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಅದು ಮೂಲ ಫೈಲಿನ ಸಮಯವನ್ನು ಎರಡು ಸೆಕೆಂಡಿಗೊಮ್ಮೆ ಮಾತ್ರ ನೋಡುತ್ತದೆ. ಸೇವ್ ಮಾಡಿ ತಕ್ಷಣ ರಿಫ್ರೆಶ್ ಒತ್ತಿದವರಿಗೆ ಒಮ್ಮೊಮ್ಮೆ ಹಳೆಯ ಪುಟ ಕಾಣುವುದು ಇದರಿಂದಲೂ ಇರಬಹುದು.

ಗಡಿಯಾರ ನಂಬಿದರೆ

ತಾರೀಕು ಮುದ್ರೆಯನ್ನು ನಂಬುವುದರಲ್ಲೂ ಅಪಾಯವಿದೆ. ಪೆನ್‌ಡ್ರೈವುಗಳಲ್ಲಿ ಬಳಸುವ ಹಳೆಯ ‘ಫ್ಯಾಟ್’ ಪದ್ಧತಿ ಫೈಲಿನ ಸಮಯವನ್ನು 2 ಸೆಕೆಂಡುಗಳ ಲೆಕ್ಕದಲ್ಲಿ ಬರೆಯುತ್ತದೆ. ಲಿನಕ್ಸ್‌ನ ಹಳೆಯ ‘ಇಎಕ್ಸ್‌ಟಿ3’ ಪದ್ಧತಿಯಲ್ಲಿ ಅದು 1 ಸೆಕೆಂಡ್. ಒಂದೇ ಸೆಕೆಂಡಿನಲ್ಲಿ ಎರಡು ಸಲ ಬದಲಾದರೆ ಎರಡನೆಯದು ಕಣ್ಣು ತಪ್ಪಿಸಬಹುದು.

ಎರಡು ಕಂಪ್ಯೂಟರುಗಳ ಗಡಿಯಾರ ಬೇರೆಬೇರೆ ಇದ್ದರೂ ತೊಂದರೆಯೇ. ಈಗಿನ ಮೇಕ್‌ಗೆ ನಾಳೆಯ ತಾರೀಕಿನ ಫೈಲ್ ಸಿಕ್ಕರೆ ‘ಗಡಿಯಾರದಲ್ಲಿ ಹೆಚ್ಚುಕಮ್ಮಿ ಇದೆ’ ಎಂದು ಎಚ್ಚರಿಸುತ್ತದೆ.

ಕಲಿಯುವ ಮನೆಗೆ ಸರಿ, ಸಂತೆಗೆ ಬೇಡ

ಇದೆಲ್ಲ ವೆಬ್‌ಸೈಟ್ ಬರೆಯುವಾಗಿನ ಅನುಕೂಲ. ಜನ ಬಳಸುತ್ತಿರುವ ಸೈಟಿನಲ್ಲಿ ಇದನ್ನು ಆನ್ ಇಡಬಾರದು. ಅರ್ಧ ಕಾಪಿಯಾದ ಫೈಲನ್ನು ನೋಡಿ ಸರ್ವರ್ ರೀಸ್ಟಾರ್ಟ್ ಆದರೆ ಎಲ್ಲರಿಗೂ ಸೈಟು ಬಂದ್. ಸದಾ ಫೈಲು ಕಾಯುವ ಹೊರೆ ಬೇರೆ. ಟಾಮ್‌ಕ್ಯಾಟಿನ ಕೈಪಿಡಿ ರೀಲೋಡಬಲ್ ಸೆಟ್ಟಿಂಗನ್ನು ಜನಬಳಕೆಯ ಸರ್ವರಿನಲ್ಲಿ ಬೇಡ ಎನ್ನುತ್ತದೆ. ಜಾಂಗೊದ ಕೈಪಿಡಿಯೂ ಅದರ ಸಣ್ಣ ಸರ್ವರನ್ನು ಅಲ್ಲಿ ಬಳಸಬೇಡಿ ಎಂದು ಖಡಾಖಂಡಿತ ಹೇಳುತ್ತದೆ. ಪೈಥಾನಿನ ‘ಫ್ಲಾಸ್ಕ್’ನಲ್ಲಿ ಡೀಬಗ್ ಸೆಟ್ಟಿಂಗ್ ಆನ್ ಮಾಡಿದರೆ ರೀಸ್ಟಾರ್ಟ್ ಜೊತೆಗೆ, ಬ್ರೌಸರಿನಿಂದಲೇ ಸರ್ವರಿನಲ್ಲಿ ಕೋಡ್ ಓಡಿಸಬಲ್ಲ ಸಾಧನವೂ ತೆರೆದುಕೊಳ್ಳುತ್ತದೆ. ಅದನ್ನು ಹಾಗೆಯೇ ಬಿಟ್ಟು ಸೈಟನ್ನು ಲೋಕಕ್ಕೆ ತೆರೆದರೆ ಮನೆಯ ಬೀಗದಕೈಯನ್ನು ಬಾಗಿಲಲ್ಲೇ ಬಿಟ್ಟ ಹಾಗೆ.

ಕಲಿಯುತ್ತಿರುವವರಿಗೆ ಈ ಕತೆಯಿಂದ ಸಿಗುವುದು ಏನು? ತಿದ್ದಿದ್ದು ಕಾಣದಿದ್ದಾಗ ಹೊಸಬರು ಮೊದಲು ಮಾಡುವುದು ತಮ್ಮನ್ನು ತಾವು ಅನುಮಾನಿಸುವುದು. ಸರಿಯಾಗಿ ಬರೆದ ಸಾಲನ್ನು ಅಳಿಸುತ್ತಾರೆ, ಬೇರೆ ಬರೆಯುತ್ತಾರೆ, ಸರಿಯಿದ್ದದ್ದೂ ಕೆಡುತ್ತದೆ. ಪಕ್ಕದಲ್ಲಿ ಹೇಳಿಕೊಡುವವರು ಯಾರೂ ಇಲ್ಲದ ಊರಿನಲ್ಲಿ ‘ಇದು ನನಗೆ ಬರುವುದಿಲ್ಲ’ ಎಂದು ಬಿಟ್ಟುಬಿಡುವುದೂ ಉಂಟು. ಬೆಲ್ ಲ್ಯಾಬ್ಸ್‌ನ ನುರಿತ ಪ್ರೋಗ್ರಾಮರಿಗೇ ಅರ್ಧ ದಿನ ಹಿಡಿದ ವಿಷಯ ಇದು.

ಆದ್ದರಿಂದ ಕೋಡನ್ನು ಮತ್ತೆ ಮುಟ್ಟುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಫೈಲ್ ನಿಜಕ್ಕೂ ಸೇವ್ ಆಗಿದೆಯೇ? ಕಪ್ಪು ಪರದೆಯಲ್ಲಿ ರೀಸ್ಟಾರ್ಟ್ ಆದ ಸಾಲು ಬಂದಿದೆಯೇ? ಬ್ರೌಸರ್ ತಾನು ಉಳಿಸಿಕೊಂಡ ಹಳೆಯ ಪುಟವನ್ನೇ ತೋರಿಸುತ್ತಿದೆಯೇ? ಇನ್ನೂ ಅನುಮಾನವಿದ್ದರೆ ಸರ್ವರನ್ನು ಕೈಯಾರೆ ನಿಲ್ಲಿಸಿ ಮತ್ತೆ ಶುರು ಮಾಡಿ. ಆಮೇಲೂ ತಪ್ಪು ಕಂಡರೆ ಅದು ನಿಮ್ಮ ಕೋಡಿನಲ್ಲಿದೆ, ಅಲ್ಲಿ ಹುಡುಕಿ.